ವಸ್ತಿಯ ವಿಚಾರ

ಮನುಷ್ಯನು ತನ್ನ ಮನೆಯನ್ನು ಬಿಟ್ಟು ಪರವೂರಿನಲ್ಲಿ ರಾತ್ರಿ ಕಳೆಯಬೇಕಾದಾಗ ಎಲ್ಲಿ ಇಳಿದುಕೊಳ್ಳಬೇಕೆಂಬುದು ನೀತಿಶಾಸ್ತ್ರದ ಪ್ರಶ್ನೆಯೆಂದು ಸಾಮಾನ್ಯವಾಗಿ ಯಾರೂ ಬಗೆಯುವುದಿಲ್ಲ. ಅದು ಅನುಕೂಲದ ಮಾತು, ಹಣದ ಮಾತು, ಹೆಚ್ಚೆಂದರೆ ಅಭಿರುಚಿಯ ಮಾತು ಎಂದು ತಿಳಿಯುವುದೇ ವಾಡಿಕೆ. ಆದರೆ ಸತ್ಯ, ನ್ಯಾಯ, ದಾಕ್ಷಿಣ್ಯ ಎಂಬ ದೊಡ್ಡ ಹೆಸರಿನ ಧರ್ಮಗಳು ಗೃಹಸ್ಥನ ಬಾಳಿನಲ್ಲಿ ಬಂದು ನಿಲ್ಲುವುದು ಇಂಥ ಚಿಕ್ಕ ಬಾಗಿಲುಗಳ ಮುಂದೆಯೇ. ಅದರಲ್ಲಿಯೂ ಗಂಡಹೆಂಡಿರು ತಮ್ಮ ಲಗ್ನದ ದಿನವನ್ನು ನೆನೆದು, ಇಬ್ಬರೇ ಎರಡು ದಿನ ಒಂದು ಪಟ್ಟಣಕ್ಕೆ ಹೋಗಿಬರೋಣವೆಂದು ಹೊರಟಾಗ ಈ ವಸ್ತಿಯ ವಿಚಾರವು ಎಷ್ಟು ತೊಡಕಿನದಾಗುವುದೆಂಬುದನ್ನು ಅನುಭವಿಗಳು ಬಲ್ಲರು.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯು ಹುಟ್ಟುವುದಕ್ಕೆ ಎಡೆಯೇ ಇರಲಿಲ್ಲ. ಪರವೂರಿಗೆ ಹೋದವನು ಬೀಗರಲ್ಲಿ ಇಳಿಯುತ್ತಿದ್ದನು, ಬೀಗರಿಲ್ಲದಿದ್ದರೆ ಜಾತಿಬಾಂಧವರಲ್ಲಿ, ಅವರೂ ಇಲ್ಲದಿದ್ದರೆ ಮಠದಲ್ಲಿಯೋ ಧರ್ಮಶಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಕಂಬಳಿ ಹಾಸಿಕೊಳ್ಳುತ್ತಿದ್ದನು. ಸರಕಾರದ ಅಧಿಕಾರಿಗೆ ಬಂಗಲೆಯಿತ್ತು. ಆರಿಸಿಕೊಳ್ಳುವ ಹೊಣೆ ಯಾರ ತಲೆಯ ಮೇಲೂ ಇರಲಿಲ್ಲ. ಈ ಏರ್ಪಾಟನ್ನು ಬಾಯಿತುಂಬ ಹೊಗಳುವವರು ಇಂದಿಗೂ ಇದ್ದಾರೆ. ಅವರು ಮರೆಯುವ ಸಂಗತಿಯೊಂದುಂಟು. ಆ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲ. ಮೊದಲು ಊರು ಯಾವುದು, ಬಳಿಕ ಮನೆತನ ಯಾವುದು, ಕಡೆಗೆ ಜಾತಿ ಯಾವುದು ಎಂದು ಕೇಳಿ, ಉತ್ತರ ಸರಿಬೀಳದಿದ್ದರೆ ಮಳೆಯಲ್ಲಿಯೇ ಮುಂದಿನ ಊರಿನ ಹಾದಿ ತೋರಿಸುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಹೋಟೆಲುಗಳ ಪ್ರವೇಶವನ್ನು ಹೆಸರುಗೊಂಡು ಹೇಳಿ, ಜಾತಿ ಮತ ಲಿಂಗಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಹಣ ತೆಗೆದುಕೊಂಡು ಹಾಸಿಗೆ ಕೊಡುವ ಲಾಜಿಗೆ ಅಂತಃಕರಣವಿಲ್ಲವೆಂದು ದೂರುವಾಗ, ಅಂತಃಕರಣವಿದ್ದ ಮನೆಗಳು ಯಾರನ್ನು ಹೊರಗಿಟ್ಟಿದ್ದವೆಂಬುದನ್ನೂ ನೆನೆಯತಕ್ಕದ್ದು.

ಲಗ್ನದ ವಾರ್ಷಿಕ ದಿನವನ್ನು ಆಚರಿಸುವ ರೂಢಿಯೂ ಈ ಸೀಮೆಗೆ ಹಳೆಯದಲ್ಲ. ತಿಕೋಟೆ, ಬಬಲೇಶ್ವರಗಳ ಕಡೆಯ ಹಳ್ಳಿಗಳಲ್ಲಿ ಎಷ್ಟೋ ವೃದ್ಧ ದಂಪತಿಗಳಿಗೆ ತಮ್ಮ ಲಗ್ನದ ತಾರೀಖು ಗೊತ್ತಿಲ್ಲ. ಇಂಥ ಬರಗಾಲದ ಮುಂದಿನ ವರ್ಷ, ಸುಗ್ಗಿ ಮುಗಿದ ಮೇಲೆ ಬಂದ ಸೋಮವಾರ ಎನ್ನುವರು. ಅಷ್ಟಕ್ಕೆ ಅವರ ಲೆಕ್ಕ ಮುಗಿಯಿತು. ತಾರೀಖು ಅರಿಯದವರು ಪ್ರೀತಿಯನ್ನೂ ಅರಿಯರೆಂದು ಯಾವ ಬುದ್ಧಿವಂತನೂ ಹೇಳಲಾರನು. ಹಾಗೆಯೇ ತಾರೀಖು ನೆನೆದು ಹೊರಟವರನ್ನು ಪರದೇಶದ ಚಾಳಿಗೆ ಬಿದ್ದವರೆಂದು ಮೂಗು ಮುರಿಯುವುದೂ ಸಲ್ಲದು. ತುಂಬಿದ ಮನೆಯಲ್ಲಿ ಗಂಡನೂ ಹೆಂಡತಿಯೂ ಇಬ್ಬರೇ ಕುಳಿತು ಗಳಿಗೆ ಹೊತ್ತು ಮಾತನಾಡುವುದಕ್ಕೆ ಮೂಲೆಯಾದರೂ ಎಲ್ಲಿದೆ? ಮುನ್ನೂರ ಅರುವತ್ತೈದು ದಿನಗಳಲ್ಲಿ ಒಂದೆರಡನ್ನು ತಮ್ಮವೆಂದು ಅವರು ತೆಗೆದಿರಿಸಿಕೊಂಡರೆ ಮನೆತನಕ್ಕೆ ನಷ್ಟವೇನೂ ಇಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡರೆ ವಿಷಯವು ಸ್ಪಷ್ಟವಾದೀತು. ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಿರುವ ಒಬ್ಬ ಗೃಹಸ್ಥ, ಆತನ ಹೆಂಡತಿ, ಲಗ್ನವಾಗಿ ಹದಿನೈದು ವರ್ಷ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಎರಡು ದಿನ ವಿಜಯಪುರವನ್ನು ನೋಡಿಬರಬೇಕೆಂದು ಇಬ್ಬರ ಮನಸ್ಸು. ಗೋಳಗುಮ್ಮಟವನ್ನು ಶಾಲೆಯ ಪ್ರವಾಸದಲ್ಲಿ ಇಬ್ಬರೂ ಬೇರೆಬೇರೆಯಾಗಿ ನೋಡಿದ್ದಾರೆ, ಕೂಡಿ ನೋಡಿಲ್ಲ. ಗಂಡನ ಅಕ್ಕನನ್ನು ಭೂತನಾಳಕ್ಕೆ ಕೊಟ್ಟಿದೆ. ಕೆರೆಯಿಂದ ಕೂಗಳತೆಯಲ್ಲಿ ಅವಳ ಮನೆ. ಗಂಡನ ಮನಸ್ಸಿನಲ್ಲಿರುವುದೇನೆಂದರೆ, ಹೆಂಡತಿಗೆ ತಿಳಿಸದೆ ಈಜುಕೊಳವುಳ್ಳ ದೊಡ್ಡ ಹೋಟೆಲಿನಲ್ಲಿ ಕೋಣೆಯನ್ನು ಗೊತ್ತುಮಾಡಿ ಅವಳನ್ನು ಬೆರಗುಗೊಳಿಸಬೇಕೆಂಬುದು. ಹೆಂಡತಿಯ ಬಾಯಲ್ಲಿರುವುದು ಅಕ್ಕನ ಮನೆ. ಅವಳ ಮನಸ್ಸಿನಲ್ಲಿರುವುದು ಎರಡೂ ಅಲ್ಲ. ಗುಮ್ಮಟಕ್ಕೆ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಸಾಧಾರಣ ಕೋಣೆ, ಬೆಳಿಗ್ಗೆ ಯಾರಿಗೂ ಚಹಾ ಮಾಡಿಕೊಡಬೇಕಾಗಿಲ್ಲದ ಎರಡು ದಿನ, ಇಷ್ಟೇ ಅವಳ ಅಪೇಕ್ಷೆ. ಅದನ್ನು ಅವಳು ಹೇಳಲಿಲ್ಲ. ಆತನು ಕೇಳಲೂ ಇಲ್ಲ.

ಇಲ್ಲಿ ಯಾರೂ ದುಷ್ಟರಲ್ಲ. ಮೂರೂ ಕಡೆ ಪ್ರೀತಿಯಿದೆ. ವಿಚಾರಕ್ಕೆ ಯೋಗ್ಯವಾದ ಕಷ್ಟಗಳೆಲ್ಲ ಹೀಗೆಯೇ ಇರುವವು. ದುಷ್ಟನೊಬ್ಬನು ನಡುವೆ ಇದ್ದರೆ ಯೋಚಿಸುವ ಶ್ರಮವೇ ಇರುತ್ತಿರಲಿಲ್ಲ.

ಮೊದಲು ಅಕ್ಕನ ಮನೆಯನ್ನು ನೋಡಬೇಕು. ಊರಲ್ಲಿ ಒಡಹುಟ್ಟಿದವಳಿರುವಾಗ ಹೊರಗೆ ಇಳಿಯುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಸಣ್ಣ ಅಪರಾಧವಲ್ಲ. “ಅಕ್ಕನ ಮನಿ ಇಟಗೊಂಡು ಲಾಜಿನ್ಯಾಗ ಇಳದಾರಂತ” ಎಂಬ ಒಂದು ಮಾತು ಓಣಿಯಲ್ಲಿ ಹಬ್ಬಿದರೆ ಅಕ್ಕನಿಗೆ ನಾಲ್ಕು ದಿನ ನೀರಿಗೆ ಹೋಗುವುದಕ್ಕೂ ಸಂಕೋಚ. ಆಕೆಯ ನೋವು ಬರಿಯ ಅಭಿಮಾನಭಂಗವಲ್ಲ. ತವರಿನಿಂದ ಒಬ್ಬರು ಬಂದು ತನ್ನ ಮನೆಯ ರೊಟ್ಟಿ ಮುರಿದರೆಂಬುದು ಅತ್ತೆಯ ಮನೆಯಲ್ಲಿ ಹೆಣ್ಣುಮಗಳಿಗೆ ಒಂದು ಬಲ. ಆ ಬಲವನ್ನು ತಮ್ಮನೇ ತಪ್ಪಿಸಿದರೆ ಆಕೆ ಯಾರಿಗೆ ಹೇಳಿಕೊಳ್ಳಬೇಕು? ಪೇಟೆಯಲ್ಲಿ ಹುಟ್ಟಿ ಬೆಳೆದವರು ಇದನ್ನು ಲೋಕಾಪವಾದದ ಅಂಜಿಕೆಯೆಂದು ತಳ್ಳಿಹಾಕುವುದು ಸುಲಭ. ತಳ್ಳಿಹಾಕಿದ ಮೇಲೂ ಅಕ್ಕನ ಕಣ್ಣೀರು ಅಲ್ಲಿಯೇ ಇರುವುದು.

ಆದರೆ ಆ ಮನೆಯೊಳಗೆ ನಡೆಯುವುದೇನೆಂಬುದನ್ನೂ ಹೇಳದೆ ಬಿಡಲಾಗದು. ತಮ್ಮನು ಬಂದನೆಂದರೆ ಪಡಸಾಲೆಯಲ್ಲಿ ಗಾದಿ ಹಾಸುವರು. ಮಾಮನೂ ಆತನೂ ಅದರ ಮೇಲೆ ಕುಳಿತು ತಿಕೋಟೆಯ ದ್ರಾಕ್ಷಿಯ ಧಾರಣೆ, ಈ ಸಲದ ಮಳೆ, ಕಾಲುವೆಯ ನೀರು ಇವುಗಳನ್ನು ಚರ್ಚಿಸುವರು. ತಮ್ಮನ ಹೆಂಡತಿಯು ಕಾಲು ತೊಳೆದು ನೇರವಾಗಿ ಅಡಿಗೆಯ ಮನೆಗೆ ನಡೆಯುವಳು. “ನೀ ಕುಂದರು” ಎಂದು ಅಕ್ಕನು ನಾಲ್ಕು ಸಲ ಹೇಳುವಳು. ಆಕೆಯು ಐದನೆಯ ಸಲಕ್ಕೆ ಹಿಟ್ಟಿಗೆ ಕೈಹಾಕದಿದ್ದರೆ ಆ ನಾಲ್ಕು ಸಲದ ಉಪಚಾರವೇ ಮುಂದೆ ದೂರಾಗಿ ಬರುವುದು. ಎಣ್ಣೆಗಾಯಿಗೆ ಬದನೆಕಾಯಿ ಹೆಚ್ಚಬೇಕು, ಶೇಂಗಾ ಹುರಿಯಬೇಕು, ಇಪ್ಪತ್ತು ರೊಟ್ಟಿ ಬಡಿಯಬೇಕು. ಹೋಳಿಗೆ ಮಾಡೋಣವೆಂದು ಅತ್ತೆ ಹೇಳಿದರೆ ಕಡಲೆಬೇಳೆಯೂ ಒಲೆಗೇರುವುದು. ರಾತ್ರಿ ಹೆಂಗಸರೆಲ್ಲ ಒಳಗೆ, ಗಂಡಸರೆಲ್ಲ ಹೊರಗೆ. ಹೀಗೆ ಇಬ್ಬರ ಲಗ್ನದ ಹಬ್ಬವು ಒಬ್ಬನ ವಿಶ್ರಾಂತಿಯಾಗಿ ಮತ್ತೊಬ್ಬಳ ದುಡಿಮೆಯಾಗಿ ಕೊನೆಗೊಳ್ಳುವುದು. ಅವರಿಬ್ಬರ ನಡುವೆ ಎರಡು ದಿನದಲ್ಲಿ ಎರಡು ಮಾತು ಆಗಿದ್ದರೆ ಅದು ‘ನೀರು ಕೊಡು’, ‘ತಗೋರಿ’ ಎಂಬಷ್ಟೇ. ಅಕ್ಕನ ಮನೆಯಲ್ಲಿ ಇಳಿದರೆ ಖರ್ಚಿಲ್ಲವೆನ್ನುವ ಲೆಕ್ಕದಲ್ಲಿ ಈ ದುಡಿಮೆಯನ್ನು ಬರೆಯುವ ಕಾಲಮು ಇರುವುದಿಲ್ಲ. ಅತಿಥಿಸತ್ಕಾರವು ಮಹಾಧರ್ಮವೆಂಬುದು ನಿಜ; ಆ ಧರ್ಮದ ಪುಣ್ಯವು ಪಡಸಾಲೆಗೆ ಸಲ್ಲುತ್ತ ಹೊಗೆಯು ಮಾತ್ರ ಅಡಿಗೆಯ ಮನೆಗೆ ಸಲ್ಲುತ್ತ ಬಂದಿದೆಯೆಂಬುದೂ ಅಷ್ಟೇ ನಿಜ.

ಇನ್ನು ಗಂಡನು ಗುಟ್ಟಾಗಿ ಗೊತ್ತುಮಾಡಬೇಕೆಂದಿರುವ ದೊಡ್ಡ ಹೋಟೆಲು. ಕೇಳದೆ ಕೊಡುವ ಕಾಣಿಕೆಗೆ ಒಂದು ಸೊಬಗಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸೀರೆಯನ್ನು ಕೇಳದೆ ತಂದರೆ ಬಣ್ಣ ಹಿಡಿಸದಿದ್ದಾಗ ಪೆಟ್ಟಿಗೆಯಲ್ಲಿಡಬಹುದು. ಎರಡು ದಿನಗಳನ್ನು ಕೇಳದೆ ತಂದುಕೊಟ್ಟರೆ ಅವುಗಳನ್ನು ಬದುಕಿಯೇ ತೀರಿಸಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿ ಹಿಗ್ಗಬಹುದೆಂದು ಎಣಿಸಿದ್ದನೋ ಏನೋ. ಲಕ್ಕಮ್ಮನು ಅಂದಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ತಂದಲ್ಲಿಗೇ ಸುರಿದುಬಾ ಎಂದಳು. ಈ ಕಥೆಯನ್ನು ನಿರ್ಲೋಭಕ್ಕೆ ನಿದರ್ಶನವಾಗಿ ಹೇಳುವರು. ದಾಂಪತ್ಯದ ಕಥೆಯಾಗಿಯೂ ಅದನ್ನು ಓದಬಹುದು. ಎಷ್ಟು ಸಾಕು ಎಂಬುದನ್ನು ತರುವವನೊಬ್ಬನೇ ತೀರ್ಮಾನಿಸಲಿಲ್ಲ. ತಂದುದರಲ್ಲಿ ಬಾಳಬೇಕಾದವಳೂ ತೀರ್ಮಾನಿಸಿದಳು, ಆತನು ಮರುಮಾತಿಲ್ಲದೆ ತಿರುಗಿ ನಡೆದನು. ಆ ನಡೆದುಹೋದ ದಾರಿಯಲ್ಲಿ ಆತನಿಗೆ ನಾಚಿಕೆಯಾಯಿತೇ, ಹೆಮ್ಮೆಯಾಯಿತೇ ಎಂಬುದನ್ನು ಕಥೆ ಹೇಳುವುದಿಲ್ಲ.

ದೊಡ್ಡ ಹೋಟೆಲಿನ ಈಜುಕೊಳದ ಮಾತು ಬಂದುದರಿಂದ ಈ ಊರಿನ ನೀರಿನ ವಿಷಯವನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ವಿಜಯಪುರದ ಇತಿಹಾಸವನ್ನು ನೀರು ಹುಡುಕಿದವರ ಇತಿಹಾಸವೆಂದೇ ಬರೆಯಬಹುದು. ಆದಿಲಶಾಹಿ ಅರಸರು ಪಶ್ಚಿಮದಲ್ಲಿರುವ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳಲ್ಲಿ ನೀರು ತರಿಸಿದರು. 1651ರಲ್ಲಿ ಮಹಮ್ಮದ ಆದಿಲಶಹನು ಬೇಗಮ್ ತಲಾಬನ್ನು ಕಟ್ಟಿಸಿ ಮಣ್ಣಿನ ಕೊಳವೆಗಳಿಂದ ನಗರಕ್ಕೆ ನೀರು ಹಾಯಿಸಿದನು. ಭೂತನಾಳದ ಕೆರೆಯು ಬ್ರಿಟಿಷರ ಕಾಲದ್ದು. ನಗರಕ್ಕೆ ಕುಡಿಯುವ ನೀರಾಗಲೆಂದೇ ಕಟ್ಟಿದ್ದು. ಈಗ ನಗರದ ದಾಹವನ್ನು ಬಹುಮಟ್ಟಿಗೆ ತೀರಿಸುತ್ತಿರುವುದು ಕೊಲ್ಹಾರದಿಂದ ಬರುವ ಕೃಷ್ಣೆಯ ನೀರು. ಮಳೆ ಚೆನ್ನಾಗಿ ಬಿದ್ದ ವರ್ಷ ಭೂತನಾಳದ ಏರಿಯ ಮೇಲೆ ಸಂಜೆ ನಿಂತವರಿಗೆ ಸಮುದ್ರವನ್ನು ಕಂಡಷ್ಟು ಸಂತೋಷವಾಗುವುದು. ಮಳೆ ಕೈಕೊಟ್ಟ ವರ್ಷ ಅದೇ ಏರಿಯ ಮೇಲೆ ನಿಂತರೆ ಬಿರುಕುಬಿಟ್ಟ ಮಣ್ಣು. ಇಂಥ ನೆಲದಲ್ಲಿ ಬೇಸಿಗೆಯ ದಿನ ಒಂದು ಜೋಡಿಯ ವಿನೋದಕ್ಕಾಗಿ ಕೊಳ ತುಂಬಿಸುವುದು ತಪ್ಪೇ? ಒಂದು ಕೊಳದಿಂದ ಊರು ಬತ್ತುವುದಿಲ್ಲ, ಆ ನೀರನ್ನು ಶುದ್ಧಮಾಡಿ ಮತ್ತೆ ಮತ್ತೆ ಬಳಸುವರು, ಹೋಟೆಲಿನಿಂದ ಹತ್ತು ಕುಟುಂಬಗಳಿಗೆ ಅನ್ನವಾಗುತ್ತದೆ ಎಂಬ ಸಮಾಧಾನಗಳು ಸುಳ್ಳಲ್ಲ. ಆದರೂ ಆರು ದಿನಕ್ಕೊಮ್ಮೆ ನಲ್ಲಿಯ ನೀರನ್ನು ಕಾದುಕುಳಿತು ಹಿಡಿಯುವ ತಾಯಿಯ ಮಗಳು ಆ ಕೊಳದ ದಂಡೆಯ ಮೇಲೆ ನಿಂತಾಗ ಅವಳ ಮನಸ್ಸು ನಿರಾಳವಾಗದಿದ್ದರೆ ಅದನ್ನು ಹಳ್ಳಿಯ ಸಂಕೋಚವೆಂದು ನಗುವುದು ಸರಿಯಲ್ಲ. ಸಂತೋಷಕ್ಕೂ ಒಂದು ನೆರೆಹೊರೆಯಿದೆ. ಆ ನೆರೆಹೊರೆಯು ಕಣ್ಣಿಗೆ ಬಿದ್ದ ಮೇಲೆ ಬಿದ್ದಿಲ್ಲವೆಂದು ನಟಿಸಲು ಎಲ್ಲರಿಗೂ ಬಾರದು.

ಇದೇ ಊರಿನಲ್ಲಿ ತಾಜ ಬಾವಡಿಯಿದೆ. ಎರಡನೆಯ ಇಬ್ರಾಹಿಮ ಆದಿಲಶಹನ ರಾಣಿ ತಾಜ ಸುಲ್ತಾನಾಳ ಹೆಸರಿನದು. 1620ರ ಸುಮಾರಿನದೆಂದು ಹೇಳುವರು. ದೊಡ್ಡ ಕಮಾನು, ಎರಡು ಬದಿಗೆ ಎಂಟು ಮೂಲೆಯ ಬುರುಜುಗಳು, ಕೆಳಗೆ ವಿಶಾಲವಾದ ಚೌಕ ಬಾವಿ. ಅದರ ಪೂರ್ವಪಶ್ಚಿಮಗಳಲ್ಲಿರುವ ಕಟ್ಟಡಗಳಲ್ಲಿ ದಾರಿಹೋಕರು ಇಳಿದುಕೊಳ್ಳುತ್ತಿದ್ದರು. ಒಬ್ಬ ಹೆಣ್ಣಿನ ಹೆಸರನ್ನು ಉಳಿಸಬೇಕೆಂದು ಮಾಡಿದ ಕೆಲಸವು ಹೆಸರು ಗೊತ್ತಿಲ್ಲದ ಸಾವಿರಾರು ಪ್ರಯಾಣಿಕರಿಗೆ ನೀರೂ ನೆರಳೂ ಆಯಿತು. ಅರಸರ ಔದಾರ್ಯಕ್ಕೆ ಪ್ರಜೆಗಳ ತೆರಿಗೆಯೇ ಬಂಡವಾಳವೆಂದು ಯಾರಾದರೂ ಹೇಳಿದರೆ ಅದಕ್ಕೆ ಉತ್ತರವಿಲ್ಲ. ಆದರೂ ಆ ಕಾಲದ ಪ್ರೀತಿಯ ಕಾಣಿಕೆಗೆ ಬೀದಿಯ ಕಡೆಗೊಂದು ಬಾಗಿಲಿತ್ತೆಂಬುದನ್ನು ಒಪ್ಪಬೇಕು.

ಎಲ್ಲಿ ಮಲಗಬೇಕೆಂಬುದರಲ್ಲಿ ಸ್ಥಳದ ಮರ್ಯಾದೆಯೆಂಬುದೂ ಒಂದು ಉಂಟು. ಅದನ್ನು ಮರೆತ ಕಥೆಯೂ ವಿಜಯಪುರದ್ದೇ. 1885ರ ಸುಮಾರಿಗೆ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದಾಗ ಹಾಳುಬಿದ್ದ ಅರಮನೆಗಳಲ್ಲಿ ಕೆಲವನ್ನು ಸರಿಪಡಿಸಿ ಕಚೇರಿಗಳನ್ನೂ ಅಧಿಕಾರಿಗಳ ನಿವಾಸಗಳನ್ನೂ ಮಾಡಿಕೊಂಡರು. ಅಷ್ಟಕ್ಕೇ ನಿಲ್ಲದೆ ಆದಿಲಶಾಹಿ ಕಾಲದ ಮಸೀದಿಯೊಂದು ಪ್ರವಾಸಿಗಳ ಬಂಗಲೆಯಾಯಿತು. ದೂರದಿಂದ ಗುಮ್ಮಟ ನೋಡಲು ಬಂದ ಸಾಹೇಬರೂ ಅವರ ಮಡದಿಯರೂ ಪ್ರಾರ್ಥನೆಯ ಕಮಾನುಗಳ ಕೆಳಗೆ ಮಂಚ ಹಾಕಿಸಿಕೊಂಡು ಮಲಗಿದರು, ಊಟ ಮಾಡಿದರು. 1899ರಿಂದ 1905ರವರೆಗೆ ವೈಸರಾಯನಾಗಿದ್ದ ಲಾರ್ಡ್ ಕರ್ಜನ್ನನು ಆ ಬಂಗಲೆಯನ್ನು ಮಸೀದಿಯಿಂದ ಹೊರಡಿಸಿದನು. ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ ಕಾಯಿದೆಯೂ 1904ರಲ್ಲಿ ಆತನ ಕಾಲದಲ್ಲಿಯೇ ಆಯಿತು. ಬಂಗಾಲವನ್ನು ಒಡೆದವನ ಹೆಸರು ಒಳ್ಳೆಯ ಕೆಲಸವೊಂದರಲ್ಲಿ ಕಾಣಿಸಿಕೊಳ್ಳುವುದು ಕೆಲವರಿಗೆ ಇರುಸುಮುರುಸಾದರೂ ನಡೆದ ಸಂಗತಿಯನ್ನು ನಡೆದಂತೆ ಹೇಳಲೇಬೇಕು. ಆ ಬಂಗಲೆಯಲ್ಲಿ ಮಲಗಿದವರೆಲ್ಲ ಮಸೀದಿಯನ್ನು ಅವಮಾನಿಸಬೇಕೆಂದು ಮಲಗಿದವರಲ್ಲ. ಗೋಡೆ ದಪ್ಪ, ಒಳಗೆ ತಂಪು, ನೋಟ ಸೊಗಸು. ಬಾಡಿಗೆ ಕೊಟ್ಟಿದ್ದೇವೆ, ಮತ್ತೇನು? ಹೀಗೆ ಅವರು ಎಣಿಸಿದ್ದರೆ ಅದು ಮನುಷ್ಯಸಹಜವೇ. ಸ್ಥಳವು ತನಗೆ ಏನು ಕೊಡುವುದೆಂದು ಕೇಳಿದ ಪ್ರವಾಸಿಯು, ಆ ಸ್ಥಳವು ಮತ್ತೊಬ್ಬರಿಗೆ ಏನಾಗಿದೆಯೆಂದು ಕೇಳಲು ಮರೆಯುತ್ತಾನೆ. ಇಂದು ಸ್ಮಾರಕಗಳೊಳಗೆ ಯಾರೂ ಮಲಗುವುದಿಲ್ಲ. ಆದರೆ ಗೋರಿಗಳ ಸುತ್ತ ಜೋಡಿಯ ಚಿತ್ರ ತೆಗೆಸಿಕೊಳ್ಳುವ ಉತ್ಸಾಹದಲ್ಲಿ ಅವು ಗೋರಿಗಳೆಂಬುದೇ ಮರೆತುಹೋಗುವುದನ್ನು ಇಬ್ರಾಹಿಮ ರೋಜಾದ ಆವರಣದಲ್ಲಿ ಯಾವ ರವಿವಾರವಾದರೂ ನೋಡಬಹುದು.

ದಾಂಪತ್ಯದ ದಿನವನ್ನು ಕಳೆಯಲು ಈ ಊರನ್ನು ಆರಿಸಿಕೊಂಡದ್ದರಲ್ಲಿಯೇ ಒಂದು ವಿನೋದವೂ ಇದೆ. ಇಬ್ರಾಹಿಮ ರೋಜಾ ಮೊದಲು ರಾಣಿಗಾಗಿ ಎಣಿಸಿದ ಕಟ್ಟಡವೆಂದು ಹೇಳುವರು. 1627ರಲ್ಲಿ ಅರಸನೇ ಮೊದಲು ತೀರಿಕೊಂಡು ಅದರಲ್ಲಿ ಮಲಗಿದನು, ರಾಣಿ ಬಳಿಕ ಬಂದು ಸೇರಿದಳು. ಗೋಳಗುಮ್ಮಟದ ಕೆಳಗೆ ಮಹಮ್ಮದ ಆದಿಲಶಹನ ಸುತ್ತ ಆತನ ಬೇಗಮರೂ ಇದ್ದಾರೆ, ರಂಭೆಯೆಂಬ ನರ್ತಕಿಯೂ ಇದ್ದಾಳೆ. ನಗರದ ಪಶ್ಚಿಮಕ್ಕೆ ಸಾಠಕಬರವಿದೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿಹೋಗುವ ಮುನ್ನ ಅಫಜಲಖಾನನು ತನ್ನ ಹೆಂಡಂದಿರನ್ನೆಲ್ಲ ಕೊಲ್ಲಿಸಿ ಅಲ್ಲಿ ಹೂಳಿಸಿದನೆಂಬುದು ಜನರ ಬಾಯಲ್ಲಿ ಬಂದ ಕಥೆ. ಕಥೆ ನಿಜವಿರಲಿ ಬಿಡಲಿ, ಹೆಂಡತಿಗೆ ಯಾವುದು ಹಿತವೆಂದು ಅವಳನ್ನು ಕೇಳದೆ ತೀರ್ಮಾನಿಸಿದ ಗಂಡಸಿನ ಕಥೆ ಇದಕ್ಕಿಂತ ಘೋರವಾದುದು ಬೇರೆ ಇರಲಾರದು. ಹುಬ್ಬಳ್ಳಿಯ ಗೃಹಸ್ಥನನ್ನು ಖಾನನ ಸಾಲಿಗೆ ಸೇರಿಸುವ ಉದ್ದೇಶ ಇಲ್ಲಿಲ್ಲ. ಆತನು ಕೇಳದೆ ಕೊಡಹೊರಟಿರುವುದು ಬರಿಯ ಒಂದು ಕೋಣೆ.

ಗುಮ್ಮಟದ ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಬದಿಗೆ ಗೋಡೆಗೆ ಬಾಯಿಟ್ಟು ಆಡಿದ ಮೆಲುಮಾತು ಸುಮಾರು 38 ಮೀಟರು ದೂರದ ಎದುರು ಬದಿಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುವುದು. ಅಲ್ಲಿಗೆ ಬಂದ ಗಂಡಹೆಂಡಿರೆಲ್ಲ ಈ ಆಟವನ್ನು ಆಡುವರು. ಮನೆಯಲ್ಲಿ ಊಟದ ತಾಟು ನಡುವೆ ಇಟ್ಟುಕೊಂಡು ಕುಳಿತಾಗ ಕೇಳಿಸದ ಮಾತು ಅಷ್ಟು ದೂರದಿಂದ ಕೇಳಿಸಿತೆಂದು ನಗುವವರೂ ಉಂಟು. ಆದರೆ ಅಲ್ಲಿಗೆ ಹೋಗಿ ಕೇಳುವಷ್ಟರಲ್ಲಿ ಕೋಣೆಯ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಾಗಿರುತ್ತದೆ.

ಹಾಗಾದರೆ ಕೇಳಬೇಕಾದುದು ಹೊರಡುವ ಮುನ್ನ. ಕೇಳುವುದೂ ಸುಲಭವಲ್ಲ. “ನಿನಗ ಎಲ್ಲಿ ಇಳಿಯೂದು ಮನಸು?” ಎಂದರೆ “ನೀವು ಹೆಂಗಂತೀರಿ ಹಂಗ” ಎಂಬ ಉತ್ತರ ಸಿದ್ಧವಾಗಿದೆ. ಹದಿನೈದು ವರ್ಷ ಅದೇ ಉತ್ತರದಿಂದ ಮನೆ ನಡೆದಿದೆ. ಆ ಉತ್ತರವನ್ನು ಒಪ್ಪಿಗೆಯೆಂದು ತಿಳಿದವನು ಕೇಳಿದಂತಾಗಲಿಲ್ಲ. ಮತ್ತೊಮ್ಮೆ ಕೇಳಬೇಕು; ಮೂರನೆಯ ಸಲ ಕೇಳಿದಾಗ, “ಅಕ್ಕಾರು ಏನಂದಾರು?” ಎಂಬ ಅಂಜಿಕೆ ಹೊರಗೆ ಬಂದೀತು; ಅದರ ಹಿಂದೆ ಅವಳ ನಿಜವಾದ ಅಪೇಕ್ಷೆಯೂ ಬಂದೀತು. ಅಪೇಕ್ಷೆಯನ್ನು ಹೇಳುವ ಹೊಣೆಯು ಅವಳಿಗೂ ಇದೆ. ತನ್ನ ಮನಸ್ಸನ್ನು ಬಚ್ಚಿಟ್ಟು, ಬಳಿಕ ಅರಿಯಲಿಲ್ಲವೆಂದು ಗಂಡನನ್ನು ದೂರುವುದರಲ್ಲಿ ತ್ಯಾಗವೆಷ್ಟು, ಹಟವೆಷ್ಟು ಎಂಬುದನ್ನು ಅವಳೇ ಅಳೆದುಕೊಳ್ಳಬೇಕು.

ಸಾಧಾರಣ ಕೋಣೆಯೇ ಸಾಕೆಂದು ಇಬ್ಬರೂ ಒಪ್ಪಿದರೆನ್ನೋಣ. ಅಕ್ಕನ ಪ್ರಶ್ನೆ ಇನ್ನೂ ಉಳಿಯಿತು. ಇಂಥ ಸಂದರ್ಭದಲ್ಲಿ ಬಹುಜನರು ಹಿಡಿಯುವ ಹಾದಿಯೆಂದರೆ ಅಕ್ಕನಿಗೆ ತಿಳಿಸದೆ ಬಂದು ತಿಳಿಸದೆ ಹೋಗುವುದು. ವಿಜಯಪುರವು ದೊಡ್ಡ ಊರಾದರೂ ನೆಂಟರ ಕಣ್ಣಿಗೆ ಚಿಕ್ಕದು. ಗುಮ್ಮಟದ ಬಾಗಿಲಲ್ಲಿ ಮಾಮನ ದಾಯಾದಿಯೊಬ್ಬನು ಸಿಕ್ಕೇ ಸಿಗುವನು. ಸಿಗದಿದ್ದರೂ ಕೂಡ, ಭೂತನಾಳದ ಕಡೆ ಹೋಗುವ ರಸ್ತೆ ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡು ಕಳೆದ ಎರಡು ದಿನಗಳಲ್ಲಿ ಹಬ್ಬದ ಕಳೆ ಎಷ್ಟಿದ್ದೀತು? ಹೇಳಿಯೇ ಬರಬೇಕು. ಒಂದು ಹೊತ್ತಿನ ಊಟಕ್ಕೆ ಅಕ್ಕನಲ್ಲಿಗೆ ಹೋಗಬೇಕು, ಸಂಜೆ ಅವಳನ್ನೂ ಕರೆದುಕೊಂಡು ಕೆರೆಯ ಏರಿಯ ಮೇಲೆ ಅಡ್ಡಾಡಬೇಕು, ರಾತ್ರಿ ತಮ್ಮ ಕೋಣೆಗೆ ಮರಳಬೇಕು. ಇದರಿಂದ ಅಕ್ಕನಿಗೆ ನೋವಾಗುವುದೇ ಇಲ್ಲವೆಂದು ಭರವಸೆ ಕೊಡುವವರು ಹೆಣ್ಣುಮಕ್ಕಳ ಮನಸ್ಸನ್ನು ಅರಿತವರಲ್ಲ. “ಉಂಡು ಹೋದರು, ವಸ್ತಿ ಇರಲಿಲ್ಲ” ಎಂಬ ಮಾತು ಮುಂದಿನ ಪಂಚಮಿಯ ತನಕ ನಡೆದೀತು. ಸ್ವಲ್ಪ ನೋವು ಆಗಿಯೇ ಆಗುವುದು. ಅದನ್ನು ಆಗದಂತೆ ಮಾಡುವ ಯುಕ್ತಿ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಉಳಿದದ್ದು ಒಂದೇ: ಆ ಮಾತನ್ನು ಅಕ್ಕನಿಗೆ ಯಾರು ಹೇಳಬೇಕು? ರೂಢಿಯಂತೆ ಈ ಕೆಲಸ ಹೆಂಡತಿಯ ಪಾಲಿಗೆ ಬರುವುದು. ಗಂಡನು ಫೋನು ಹಚ್ಚಿ, ಕುಶಲ ಕೇಳಿ, “ತಡಿ ಅಕ್ಕಾ, ಇಕಿ ಮಾತಾಡ್ತಾಳ” ಎಂದು ಅವಳ ಕೈಗೆ ಕೊಟ್ಟುಬಿಡುವನು. ಆಗ ಅಕ್ಕನೂ ಅತ್ತೆಯೂ ಓಣಿಯ ನಾಲ್ಕು ಮಂದಿಯೂ ಕೂಡಿ, ತಮ್ಮನು ಬರುವವನಿದ್ದ, ಅವಳೇ ಬೇಡವೆಂದಳು ಎಂದು ತೀರ್ಪು ಕೊಡುವರು. ಬಂಧುಬಳಗದ ನ್ಯಾಯಾಲಯದಲ್ಲಿ ಸೊಸೆಗೆ ವಕೀಲರಿಲ್ಲ. ಆದುದರಿಂದ ಆ ಫೋನನ್ನು ಗಂಡನೇ ಕಿವಿಗೆ ಹಿಡಿಯಬೇಕು. “ಅಕ್ಕಾ, ರವಿವಾರ ಮಧ್ಯಾಹ್ನ ಊಟಕ್ಕ ಬರ್ತೀವಿ. ಇಳಿಯೂದು ಊರಾಗ. ನಾನs ಗೊತ್ತು ಮಾಡೀನಿ” ಎಂದು ಹೇಳಬೇಕು. ಆ ಕಡೆಯಿಂದ ಒಂದು ಗಳಿಗೆ ಮಾತು ಬಾರದು. ಬಳಿಕ, “ಆತು ತಮ್ಮಾ, ನಿಮ್ಮ ಇಚ್ಛಾ” ಎಂಬ ಬಿಗುವಾದ ಉತ್ತರ ಬರುವುದು. ಅದರ ಬೆನ್ನಿಗೆ, ಬರುವಾಗ ಹುಬ್ಬಳ್ಳಿಯಿಂದ ಏನೇನು ತರಬೇಕೆಂಬ ಪಟ್ಟಿಯೂ ಬಂದೀತು.